ಉಸಿರಾಡಲೂ ಪುರುಸೊತ್ತಿಲ್ಲವೇ? ಹೋಟೆಲ್ ಮಾಲೀಕರಿಗೆ ಹತ್ತು ನಿಮಿಷದ ಪ್ರಾಣಾಯಾಮ

ಹೈದರಾಬಾದಿನ ಯಾವ ಕನ್ನಡ ಹೋಟೆಲ್ ಮಾಲೀಕರನ್ನು "ಹೇಗಿದ್ದೀರಿ?" ಎಂದು ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಉಸಿರಾಡಲೂ ಪುರುಸೊತ್ತಿಲ್ಲ ಮಾರಾಯ್ರೇ." ಸುಲ್ತಾನ್ ಬಜಾರ್, ಕಾಚಿಗುಡ, ಆಬಿಡ್ಸ್, ಸಿಕಂದರಾಬಾದಿನ ಹಳೆಯ ಹೋಟೆಲುಗಳಲ್ಲಿಯೂ ಇದೇ ಮಾತು. ಮಾಧಾಪುರ, ಗಚ್ಚಿಬೌಲಿಯ ಹೊಸ ಹೋಟೆಲುಗಳಲ್ಲಿಯೂ ಇದೇ ಮಾತು. ಮಾತಿನ ಭರದಲ್ಲಿ ಹೇಳುವ ಈ ವಾಕ್ಯ ಅಕ್ಷರಶಃ ನಿಜ ಎಂಬುದನ್ನು ನಾವು ಗಮನಿಸಿರುವುದಿಲ್ಲ. ಟಿಫಿನ್ ರಶ್ ಹೊತ್ತಿನಲ್ಲಿ ಗಲ್ಲಾದಲ್ಲಿ ಕುಳಿತವರನ್ನು ಒಮ್ಮೆ ನೋಡಿ. ಭುಜ ಮೇಲೆದ್ದಿರುತ್ತದೆ, ಹೊಟ್ಟೆ ಬಿಗಿದಿರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲಿಯೇ ಹೋಗಿ ಬರುತ್ತಿರುತ್ತದೆ. ಅಡುಗೆಮನೆಯಲ್ಲಿ ಏನಾದರೂ ಬಿದ್ದ ಸದ್ದಾದರೆ ಅರ್ಧ ನಿಮಿಷ ಅದೂ ಇಲ್ಲ.

ಸಂಘದ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ತೆರಿಗೆ, ಲೈಸೆನ್ಸ್, ಗ್ಯಾಸ್ ದರಗಳ ಬಗ್ಗೆ ಬರೆಯುತ್ತೇವೆ. ಈ ಬಾರಿ ಉಸಿರಿನ ಬಗ್ಗೆ ಬರೆಯುತ್ತಿದ್ದೇವೆ. ಕಾರಣ ಸರಳ. ಬಾಕಿ ಒತ್ತಡಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಲ್ಲ. ಉಸಿರು ನಮ್ಮ ಕೈಯಲ್ಲಿದೆ. ದಿನಕ್ಕೆ ಹತ್ತು ನಿಮಿಷ ಅದನ್ನು ಕ್ರಮವಾಗಿ ಅಭ್ಯಾಸ ಮಾಡಿದರೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ಕಸುಬಿನ ಒತ್ತಡ

ಕಚೇರಿ ಕೆಲಸದವರಿಗೆ ಒತ್ತಡ ತಿಂಗಳ ಕೊನೆಗೆ ಬರಬಹುದು. ನಮಗೆ ಅದು ದಿನಕ್ಕೆ ಮೂರು ಸಲ ಬರುತ್ತದೆ: ಬೆಳಿಗ್ಗೆ ಟಿಫಿನ್, ಮಧ್ಯಾಹ್ನ ಮೀಲ್ಸ್, ರಾತ್ರಿ ಊಟ. ನಡುವೆ ಸರಕು ತರಿಸುವುದು, ಹಾಲಿನವರ ಲೆಕ್ಕ, ಆ್ಯಪ್ ಕಂಪೆನಿಯ ಕಮಿಷನ್, ಪಾರ್ಸೆಲ್‌ಗೆ ಕಾದು ನಿಂತ ಡೆಲಿವರಿ ಹುಡುಗರು. ವಾಣಿಜ್ಯ ಸಿಲಿಂಡರಿನ ದರ ಬರುವ ತಿಂಗಳು ಏನಾಗುತ್ತದೋ ಎಂಬ ಚಿಂತೆ. ದೀಪಾವಳಿಗೆಂದು ಊರಿಗೆ ಹೋದ ಅಡುಗೆಯವರು ಮರಳಿ ಬರುತ್ತಾರೋ ಇಲ್ಲವೋ ಎಂಬ ಇನ್ನೊಂದು ಚಿಂತೆ.

ಇವೆಲ್ಲದರ ಮೇಲೆ ದೊಡ್ಡ ಹೊಡೆತಗಳೂ ಬಂದಿವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬಾಡಿಗೆ, ಸಂಬಳ, ಸಾಲದ ಕಂತು ಮೂರನ್ನೂ ಬಾಗಿಲು ಮುಚ್ಚಿದ ಹೋಟೆಲಿನಿಂದ ಹೊಂದಿಸಬೇಕಾಯಿತು. 2024ರಲ್ಲಿ ತೆಲಂಗಾಣದ ಆಹಾರ ಸುರಕ್ಷತಾ ಇಲಾಖೆಯ ಕಾರ್ಯಪಡೆ ನಗರದ ಹೋಟೆಲುಗಳಲ್ಲಿ ಸಾಲುಸಾಲಾಗಿ ತಪಾಸಣೆ ನಡೆಸಿದಾಗ, ಶುಚಿಯಾಗಿ ನಡೆಸುತ್ತಿದ್ದವರಿಗೂ ಬಾಗಿಲಲ್ಲಿ ಅಪರಿಚಿತರು ಕಂಡರೆ ಎದೆ ಧಸಕ್ಕೆನ್ನುವಂತಾಯಿತು.

ಈ ಒತ್ತಡಕ್ಕೆ ನಾವು ಕಂಡುಕೊಂಡ ಪರಿಹಾರಗಳೂ ನಮಗೆ ಗೊತ್ತಿವೆ. ಗಂಟೆಗೊಂದು ಅರ್ಧ ಕಾಫಿ. ಕೆಲವರಿಗೆ ಸಿಗರೇಟು, ಗುಟ್ಕಾ. ರಾತ್ರಿ ಗಲ್ಲಾ ಲೆಕ್ಕ ಮುಗಿದ ಮೇಲೆ ಹನ್ನೊಂದೂವರೆಗೆ ಭರ್ಜರಿ ಊಟ, ನಂತರ ನಿದ್ದೆ ಬಾರದೆ ಹೊರಳಾಟ. ಎಲ್ಲಕ್ಕಿಂತ ಅಗ್ಗದ ಪರಿಹಾರ ಸಿಟ್ಟು. ಅದು ಸಪ್ಲೈಯರ್ ಹುಡುಗನ ಮೇಲೋ, ಮನೆಯವರ ಮೇಲೋ ಬೀಳುತ್ತದೆ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ" ಎಂಬ ಗಾದೆ ಹೋಟೆಲಿನವರಿಗೆ ಚೆನ್ನಾಗಿ ಅನ್ವಯಿಸುತ್ತದೆ. ಬೈಸಿಕೊಂಡ ದೋಸೆ ಮಾಸ್ಟರ್ ಮರುದಿನ ಎದುರು ಹೋಟೆಲಿನ ಕಾವಲಿ ಮುಂದೆ ನಿಂತಿರುತ್ತಾನೆ.

ಇದು ಬರಿಯ ಮನಸ್ಸಿನ ಮಾತಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ ಧೂಮಪಾನ, ಬಿ.ಪಿ., ಸಕ್ಕರೆ ಕಾಯಿಲೆಗಳ ಜೊತೆಗೆ ಮಾನಸಿಕ ಒತ್ತಡವನ್ನೂ ಹೃದಯಾಘಾತದ ಪ್ರಮುಖ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಅದೇ ಅಧ್ಯಯನದ ಆಧಾರದಲ್ಲಿ 2007ರಲ್ಲಿ ಬಂದ ವರದಿಯ ಪ್ರಕಾರ ಮೊದಲ ಹೃದಯಾಘಾತ ಬೇರೆ ದೇಶಗಳವರಿಗೆ ಸುಮಾರು 59ನೇ ವಯಸ್ಸಿನ ಆಸುಪಾಸಿನಲ್ಲಿ ಆದರೆ, ನಮ್ಮ ಭಾರತ ಉಪಖಂಡದವರಿಗೆ 53ರ ಆಸುಪಾಸಿನಲ್ಲಿಯೇ ಆಗುತ್ತದೆ. ಅಂದರೆ ಮಗಳ ಮದುವೆ, ಮಗನ ಓದು, ಹೋಟೆಲಿನ ಸಾಲ ಮೂರೂ ಒಟ್ಟಿಗೆ ಇರುವ ವಯಸ್ಸು.

ಒತ್ತಡದಲ್ಲಿ ದೇಹದೊಳಗೆ ಏನಾಗುತ್ತದೆ?

ಭಾನುವಾರ ಬೆಳಿಗ್ಗೆ ಎಂಟೂವರೆ ಎಂದುಕೊಳ್ಳಿ. ಟೇಬಲ್ ಎಲ್ಲ ಭರ್ತಿ, ಹೊರಗೆ ಸಾಲು. ಗ್ರೈಂಡರ್ ಕೈಕೊಟ್ಟಿದೆ. ಗಿರಾಕಿಯೊಬ್ಬರು ತೆಲುಗಿನಲ್ಲಿ "ಇಂಕಾ ಎಂತಸೇಪು?" ಎಂದು ಮೂರನೆಯ ಬಾರಿ ಕೇಳುತ್ತಿದ್ದಾರೆ. ಆಗ ನಮ್ಮ ದೇಹ ಹುಲಿ ಎದುರು ಬಂದಾಗ ಹೇಗೋ ಹಾಗೆಯೇ ವರ್ತಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಬಡಿತ ಮತ್ತು ಬಿ.ಪಿ. ಏರುತ್ತವೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣದ ಕೆಲಸ ಹಿಂದೆ ಬೀಳುತ್ತದೆ, ಉಸಿರು ಚುರುಕಾಗಿ ಮೇಲ್ಮೇಲೆ ಆಡುತ್ತದೆ.

ಈ ವ್ಯವಸ್ಥೆ ಕೆಟ್ಟದ್ದಲ್ಲ. ಅದಿಲ್ಲದೆ ರಶ್ ಹೊತ್ತಿನಲ್ಲಿ ನೂರು ಬಿಲ್ ನಿಭಾಯಿಸಲು ಆಗುವುದಿಲ್ಲ. ತೊಂದರೆ ಇರುವುದು ಅದು ಇಳಿಯದಿರುವುದರಲ್ಲಿ. ಹನ್ನೊಂದು ಗಂಟೆಗೆ ಜನ ಕರಗಿದರೂ ಒಳಗಿನ ಉರಿ ಸಣ್ಣದಾಗುವುದಿಲ್ಲ. ಅದರ ಮೇಲೆಯೇ ಮಧ್ಯಾಹ್ನದ ರಶ್, ಅದರ ಮೇಲೆ ರಾತ್ರಿಯದು. ವರ್ಷಗಟ್ಟಲೆ ಹೀಗೆ ನಡೆದಾಗ ಬಿ.ಪಿ., ಅಸಿಡಿಟಿ, ನಿದ್ರಾಹೀನತೆ, ಕುತ್ತಿಗೆ ನೋವು ಒಂದೊಂದಾಗಿ ಬಂದು ಸೇರುತ್ತವೆ.

ಒಳ್ಳೆಯ ದೋಸೆ ಮಾಸ್ಟರ್ ಒಂದು ದೋಸೆ ತೆಗೆದ ಮೇಲೆ ಒಲೆ ಆರಿಸುವುದಿಲ್ಲ. ಕಾದ ಕಾವಲಿಗೆ ನೀರು ಚಿಮುಕಿಸಿ, ಒರೆಸಿ, ಹದಕ್ಕೆ ತಂದು ಮುಂದಿನ ದೋಸೆ ಹುಯ್ಯುತ್ತಾನೆ. ಒತ್ತಡ ತಾಳಿಕೊಳ್ಳುವ ಶಕ್ತಿ ಎಂದರೆ ಇಷ್ಟೇ. ಕಾಯದಿರುವುದಲ್ಲ, ಕಾದ ಮೇಲೆ ಬೇಗ ಹದಕ್ಕೆ ಮರಳುವುದು.

ಉಸಿರೇ ಏಕೆ?

ಎದೆ ಬಡಿತ, ಬಿ.ಪಿ., ಜೀರ್ಣ, ಬೆವರು ಇವುಗಳನ್ನೆಲ್ಲ ನಡೆಸುವುದು ನಮ್ಮ ಅಪ್ಪಣೆಗೆ ಕಾಯದ ನರವ್ಯೂಹ. ಅದರಲ್ಲಿ ಎರಡು ಭಾಗ. ಒಂದು ಗಾಡಿಯ ಆಕ್ಸಿಲರೇಟರ್ ಇದ್ದಂತೆ, ಇನ್ನೊಂದು ಬ್ರೇಕ್ ಇದ್ದಂತೆ. "ಎದೆ ಬಡಿತವೇ, ನಿಧಾನವಾಗು" ಎಂದು ನಾವು ಆಜ್ಞೆ ಮಾಡಲಾರೆವು. ಆದರೆ ಉಸಿರು ಎರಡೂ ಕಡೆ ಸೇರಿದ್ದು. ನಿದ್ದೆಯಲ್ಲಿ ತಾನಾಗಿಯೇ ನಡೆಯುತ್ತದೆ, ಎಚ್ಚರದಲ್ಲಿ ನಾವು ಬಯಸಿದರೆ ನಮ್ಮ ಮಾತು ಕೇಳುತ್ತದೆ. ಆದ್ದರಿಂದ ಬ್ರೇಕ್ ಮೇಲೆ ಕಾಲಿಡಲು ನಮಗಿರುವ ನೇರ ದಾರಿ ಅದು.

ಇದನ್ನು ಈಗಲೇ ಪರೀಕ್ಷಿಸಬಹುದು. ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈಯ ಮಣಿಕಟ್ಟಿನ ನಾಡಿಯ ಮೇಲೆ ಇಡಿ. ನಿಧಾನವಾಗಿ ಉಸಿರು ಒಳಗೆ ಎಳೆದುಕೊಳ್ಳಿ, ಇನ್ನೂ ನಿಧಾನವಾಗಿ ಹೊರಗೆ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ, ವಯಸ್ಸಾದಂತೆ ಕಡಿಮೆ. ಮಿದುಳಿನಿಂದ ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಈ ಬ್ರೇಕಿನ ಕೆಲಸ ಮಾಡುತ್ತದೆ. ಉಸಿರು ಬಿಡುವ ಹೊತ್ತಿನಲ್ಲಿ ಅದರ ಹಿಡಿತ ಹೆಚ್ಚು. ಆದ್ದರಿಂದ ಇಡೀ ಲೇಖನದಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಉಸಿರು ನಿಧಾನವಾಗಿರಲಿ, ಎಳೆದುಕೊಳ್ಳುವುದಕ್ಕಿಂತ ಬಿಡುವುದು ದೀರ್ಘವಾಗಿರಲಿ.

ನಮ್ಮ ಭಾಷೆಗೆ ಇದು ಮೊದಲಿನಿಂದ ಗೊತ್ತು. ಗಾಬರಿಯಾದಾಗ ಏದುಸಿರು, ಭಯದಲ್ಲಿ ಬಿಗಿಹಿಡಿದ ಉಸಿರು, ಭಾರ ಇಳಿದಾಗ ನಿಟ್ಟುಸಿರು. ರಶ್ ಮುಗಿದು ಕುರ್ಚಿಗೆ ಒರಗಿದಾಗ ತಾನಾಗಿ ಹೊರಬರುವ "ಉಸ್ಸಪ್ಪಾ" ದೇಹ ತಾನೇ ಹಾಕಿಕೊಳ್ಳುವ ಬ್ರೇಕ್.

ಹಿರಿಯರ ಮಾರ್ಗ

ಪತಂಜಲಿಯ ಯೋಗಸೂತ್ರದಲ್ಲಿ ಪ್ರಾಣಾಯಾಮ ಯೋಗದ ಎಂಟು ಅಂಗಗಳಲ್ಲಿ ನಾಲ್ಕನೆಯದು. ಆಸನ ಸ್ಥಿರವಾದ ಮೇಲೆಯೇ ಅದನ್ನು ಹೇಳಲಾಗಿದೆ. ನೆಟ್ಟಗೆ, ಆರಾಮವಾಗಿ ಕೂರಲು ಬಾರದವರು ಉಸಿರಿನ ಕಡೆ ಗಮನ ಕೊಡಲಾರರು ಎಂಬುದು ಇದರ ತಾತ್ಪರ್ಯ. ಸುಮಾರು 15ನೇ ಶತಮಾನದಲ್ಲಿ ಸ್ವಾತ್ಮಾರಾಮ ಬರೆದ ಹಠಯೋಗಪ್ರದೀಪಿಕೆಯು ಉಜ್ಜಾಯಿ, ಶೀತಲಿ, ಭ್ರಾಮರಿ ಮುಂತಾದ ಎಂಟು ಕುಂಭಕಗಳನ್ನು ವಿವರಿಸುತ್ತದೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲನೆ ಪಳಗಿಸಬೇಕು, ಆತುರಪಟ್ಟರೆ ಅಪಾಯ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಆಧುನಿಕ ಕಾಲದಲ್ಲಿ ಈ ವಿದ್ಯೆ ಜಗತ್ತಿಗೆ ಹರಡಿದ ದಾರಿಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್‌ಗಳಿಂದ ಬಳಲಿ ಸೊರಗಿದ್ದ ಹುಡುಗ ಮುಂದೆ ವಿಶ್ವಕ್ಕೇ ಯೋಗಗುರುವಾದರು. ಪ್ರಾಣಾಯಾಮಕ್ಕೆಂದೇ ಅವರು ಬರೆದ ಇಂಗ್ಲಿಷ್ ಗ್ರಂಥ 1981ರಲ್ಲಿ ಪ್ರಕಟವಾಯಿತು.

ವೈದ್ಯರು ಪರೀಕ್ಷಿಸಿ ಕಂಡದ್ದು

ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು ಆಸ್ತಮಾ ರೋಗಿಗಳನ್ನು 53 ಜನರ ಎರಡು ಗುಂಪುಗಳಾಗಿ ಹೋಲಿಸಿ ನಡೆಸಿದ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆಸನ, ಪ್ರಾಣಾಯಾಮ, ಧ್ಯಾನ ಸೇರಿದ ಅಭ್ಯಾಸವನ್ನು ನಿತ್ಯ ಮಾಡಿದ ಗುಂಪಿನಲ್ಲಿ ಉಬ್ಬಸದ ಬಾಧೆ ಹೆಚ್ಚು ಕಡಿಮೆಯಾಗಿತ್ತು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ 45 ಜನರಿದ್ದರು. 15 ಜನರಿಗೆ ವಿದ್ಯುತ್ ಚಿಕಿತ್ಸೆ, 15 ಜನರಿಗೆ ಇಮಿಪ್ರಮಿನ್ ಎಂಬ ಮಾತ್ರೆ, 15 ಜನರಿಗೆ ಸುದರ್ಶನ ಕ್ರಿಯಾ ಎಂಬ ಉಸಿರಿನ ಅಭ್ಯಾಸ. ನಾಲ್ಕು ವಾರಗಳ ನಂತರ ಚೇತರಿಸಿಕೊಂಡವರು ಕ್ರಮವಾಗಿ ಶೇ. 93, ಶೇ. 73 ಮತ್ತು ಶೇ. 67. ವಿದ್ಯುತ್ ಚಿಕಿತ್ಸೆಯೇ ಮುಂದಿತ್ತು. ಉಸಿರಿನ ಅಭ್ಯಾಸ ಮಾತ್ರೆಯ ಸಮೀಪಕ್ಕೆ ಬಂದಿತ್ತು. ಇದು ಚಿಕ್ಕ ಅಧ್ಯಯನ, ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ನಡೆದದ್ದು ಎಂಬುದನ್ನು ಮರೆಯಬಾರದು.

ಇಟಲಿಯ ಸಂಶೋಧಕರು 2001ರಲ್ಲಿ ಇನ್ನೊಂದು ಸ್ವಾರಸ್ಯ ಕಂಡರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನಾಗಲಿ, ಯೋಗದ ಮಂತ್ರವನ್ನಾಗಲಿ ಮತ್ತೆ ಮತ್ತೆ ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ, ಹೃದಯ ಮತ್ತು ರಕ್ತದೊತ್ತಡದ ಏರಿಳಿತ ಅದರೊಂದಿಗೆ ಲಯಗೂಡುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಊರಿನ ಮನೆಗಳಲ್ಲಿ ಮುಸ್ಸಂಜೆ ದೀಪ ಹಚ್ಚಿ ಭಜನೆ ಮಾಡುತ್ತಿದ್ದ ಹಿರಿಯರು ಏಕೆ ಹಗುರಾಗಿ ಏಳುತ್ತಿದ್ದರು ಎಂಬುದಕ್ಕೆ ಇಲ್ಲಿ ಸ್ವಲ್ಪ ಉತ್ತರವಿದೆ. ಹಾಡಿನ ಒಂದು ಸಾಲು ಮುಗಿಯಬೇಕಾದರೆ ಉಸಿರು ದೀರ್ಘವಾಗಿ ಹೊರಗೆ ಹೋಗಲೇಬೇಕು.

ಹತ್ತು ನಿಮಿಷದ ಕ್ರಮ

ಕುರ್ಚಿಯಲ್ಲಿ ಕುಳಿತೇ ಮಾಡಬಹುದು. ಪಾದಗಳು ನೆಲದ ಮೇಲೆ ಇರಲಿ, ಬೆನ್ನು ನೆಟ್ಟಗಿರಲಿ, ಬೆಲ್ಟ್ ಸಡಿಲವಾಗಿರಲಿ. ಮೊಬೈಲ್ ಬೇರೆಯವರ ಕೈಗೆ ಕೊಡಿ.

1. ಹೊಟ್ಟೆಯ ಉಸಿರು, 2 ನಿಮಿಷ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಮೂಗಿನಿಂದ ಎಳೆದುಕೊಂಡಾಗ ಹೊಟ್ಟೆಯ ಮೇಲಿನ ಕೈ ಮುಂದೆ ಬರಬೇಕು, ಬಿಟ್ಟಾಗ ಒಳಗೆ ಹೋಗಬೇಕು. ಎದೆಯ ಮೇಲಿನ ಕೈ ಹೆಚ್ಚು ಅಲುಗಬಾರದು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದು ಗುರುತು. ಮೊದಲ ವಾರ ಇಷ್ಟನ್ನೇ ಅಭ್ಯಾಸ ಮಾಡಿದರೂ ಸಾಕು.

2. ನಾಡಿಶೋಧನ, 4 ನಿಮಿಷ. ಬಲಗೈಯ ತೋರುಬೆರಳು, ಮಧ್ಯದ ಬೆರಳುಗಳನ್ನು ಮಡಚಿ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ನಾಲ್ಕು ಎಣಿಸುವವರೆಗೆ ಎಳೆದುಕೊಳ್ಳಿ. ಉಂಗುರದ ಬೆರಳಿನಿಂದ ಎಡ ಹೊಳ್ಳೆ ಮುಚ್ಚಿ, ಬಲದಿಂದ ಆರು ಎಣಿಸುವವರೆಗೆ ಬಿಡಿ. ಮತ್ತೆ ಬಲದಿಂದಲೇ ನಾಲ್ಕು ಎಣಿಸಿ ಎಳೆದುಕೊಂಡು, ಎಡದಿಂದ ಆರು ಎಣಿಸಿ ಬಿಡಿ. ಇದು ಒಂದು ಸುತ್ತು. ಎಣಿಕೆ ಗಡಿಯಾರದ ಸೆಕೆಂಡಿನ ಲೆಕ್ಕದಲ್ಲಿದ್ದರೆ 12 ಸುತ್ತಿಗೆ 4 ನಿಮಿಷವಾಗುತ್ತದೆ. ನಿಮಿಷಕ್ಕೆ ಆರು ಉಸಿರು ಬಂದಂತಾಯಿತು. ನಾಲ್ಕು ಮತ್ತು ಆರು ಕಷ್ಟವಾದರೆ ಮೂರು ಮತ್ತು ನಾಲ್ಕರಿಂದ ಆರಂಭಿಸಿ. ಉಸಿರು ಸಾಲದೆ ಬಾಯಿ ತೆರೆಯುವಂತಾದರೆ ಎಣಿಕೆ ಹೆಚ್ಚಾಯಿತು ಎಂದೇ ಅರ್ಥ. ನಡುವೆ ಉಸಿರು ಕಟ್ಟುವುದು ಬೇಡ.

3. ಭ್ರಾಮರಿ, 2 ನಿಮಿಷ. ಮೂಗಿನಿಂದ ಉಸಿರು ತೆಗೆದುಕೊಂಡು, ತುಟಿ ಮುಚ್ಚಿ, ಹಲ್ಲುಗಳ ನಡುವೆ ತುಸು ಬಿಡುವಿಟ್ಟು ದುಂಬಿಯಂತೆ "ಮ್" ಎಂದು ಗುಂಯ್‌ಗುಡುತ್ತ ದೀರ್ಘವಾಗಿ ಬಿಡಿ. ಏಳೆಂಟು ಸಲ. ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮ್ಮನೆ ಬಿಟ್ಟಾಗಿನದಕ್ಕಿಂತ 15 ಪಟ್ಟು ಹೆಚ್ಚಿರುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದ್ದಾರೆ. ಗಾಳಿಯಾಟ ಚುರುಕಾಗುವುದರಿಂದ ಮೂಗಿನ ಸುತ್ತಲಿನ ಪೊಳ್ಳುಗಳು ಹಗುರಾಗುತ್ತವೆ.

4. ಸುಮ್ಮನೆ ಕೂರುವುದು, 2 ನಿಮಿಷ. ಉಸಿರನ್ನು ಅದರ ಪಾಡಿಗೆ ಬಿಟ್ಟು ಮೂಗಿನ ತುದಿಯಲ್ಲಿ ಹೋಗಿ ಬರುವುದನ್ನು ಗಮನಿಸಿ. ಈರುಳ್ಳಿ ದರ, ನಾಳೆಯ ಕೇಟರಿಂಗ್ ಆರ್ಡರ್ ನೆನಪಾಗುತ್ತದೆ. ಆಗಲಿ. ಮತ್ತೆ ಉಸಿರಿಗೆ ಮರಳಿದರೆ ಆಯಿತು.

ಯಾವ ಹೊತ್ತು, ಯಾವ ಜಾಗ?

ಪ್ರಾಣಾಯಾಮಕ್ಕೆ ಹೊಟ್ಟೆ ಖಾಲಿಯಿರಬೇಕು. ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು. ನಮ್ಮ ದಿನಚರಿಯಲ್ಲಿ ಇದಕ್ಕೆ ಎರಡು ಹೊತ್ತು ಹೊಂದುತ್ತವೆ. ಒಂದು, ಬೆಳಿಗ್ಗೆ ಸ್ನಾನವಾದ ಮೇಲೆ ಹೋಟೆಲಿಗೆ ಹೊರಡುವ ಮೊದಲು. ಎರಡು, ಮಧ್ಯಾಹ್ನ ಮೀಲ್ಸ್ ಮುಗಿದ ಮೇಲೆ. ಮಾಲೀಕರು ಊಟಕ್ಕೆ ಕೂರುವುದು ಹೇಗೂ ಎಲ್ಲರ ನಂತರ, ಮೂರೂವರೆಯ ಹೊತ್ತಿಗೆ. ಆ ಊಟಕ್ಕೆ ಹತ್ತು ನಿಮಿಷ ಮೊದಲು ಇದಕ್ಕೆ ಕುಳಿತರೆ ಮಧ್ಯಾಹ್ನದ ಕಾವು ಇಳಿದು, ಊಟವೂ ಗಬಗಬನೆ ಆಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ದಿನವೂ ಹತ್ತು ನಿಮಿಷ ಕೂರುವುದು ಮೇಲು.

ಏಕೆಂದರೆ ಇದು ರಶ್ ಹೊತ್ತಿನಲ್ಲಿ ಹೊಸದಾಗಿ ಕಲಿಯುವ ವಿದ್ಯೆಯಲ್ಲ. ಬೆಳಿಗ್ಗೆ ಆರಕ್ಕೆ ದೋಸೆ ಬೇಕಾದರೆ ಹಿಂದಿನ ದಿನವೇ ಉದ್ದು ನೆನೆಹಾಕಿ ರುಬ್ಬಿಡಬೇಕು. ನಿಧಾನದ ಉಸಿರೂ ಹಾಗೆಯೇ. ಬಿಡುವಿನ ಹೊತ್ತಿನಲ್ಲಿ ಅಭ್ಯಾಸವಾಗಿದ್ದರೆ ಮಾತ್ರ ಬೇಕಾದ ಹೊತ್ತಿಗೆ ಒದಗುತ್ತದೆ.

ಜಾಗದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಅಡುಗೆಮನೆಯಲ್ಲಾಗಲಿ, ಅದರ ಬಾಗಿಲ ಬಳಿಯಾಗಲಿ ಪ್ರಾಣಾಯಾಮ ಬೇಡ. ಮೆಣಸಿನಕಾಯಿ ಒಗ್ಗರಣೆಯ ಘಾಟು, ಎಣ್ಣೆಯ ಹೊಗೆ, ಹಿಟ್ಟಿನ ಧೂಳನ್ನು ಆಳವಾಗಿ ಎಳೆದುಕೊಳ್ಳುವುದರಿಂದ ಕೆಡುಕೇ ಹೆಚ್ಚು. ಅಡುಗೆಮನೆಯವರ ಉಸಿರಿಗೆ ನಾವು ಮಾಡಬಹುದಾದ ಮೊದಲ ಉಪಕಾರ ಎಕ್ಸಾಸ್ಟ್ ಫ್ಯಾನ್ ಮತ್ತು ಚಿಮಣಿಯ ಜಿಡ್ಡು ತೆಗೆಸಿ ಸರಿಯಾಗಿ ಓಡುವಂತೆ ಮಾಡುವುದು. ಪ್ರಾಣಾಯಾಮ ಅದರ ನಂತರದ್ದು.

ಗಲ್ಲಾದಲ್ಲಿ ಕುಳಿತೇ ಅರ್ಧ ನಿಮಿಷ

ಸಿಟ್ಟು ನೆತ್ತಿಗೇರುತ್ತಿದೆ ಎನಿಸಿದಾಗ ಯಾರಿಗೂ ತಿಳಿಯದಂತೆ ಮಾಡಬಹುದಾದದ್ದು ಜೋಡಿ ನಿಟ್ಟುಸಿರು. ಮೂಗಿನಿಂದ ಪೂರ್ತಿ ಉಸಿರು ತೆಗೆದುಕೊಳ್ಳಿ. ಅದರ ಮೇಲೆಯೇ ಇನ್ನೊಂದು ಚಿಕ್ಕ ಉಸಿರು ಸೇರಿಸಿ. ನಂತರ ಬಾಯಿಯಿಂದ ನಿಧಾನವಾಗಿ, ಪೂರ್ತಿಯಾಗಿ ಬಿಡಿ. ಮೂರು ಸಲ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಬಗೆಯ ನಿಟ್ಟುಸಿರನ್ನು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಮಾಡಿದವರ ಮನಸ್ಸಿನ ಉಲ್ಲಾಸ ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ಇದರಿಂದ ಕೆಟ್ಟ ಗ್ರೈಂಡರ್ ರಿಪೇರಿಯಾಗುವುದಿಲ್ಲ. ಆದರೆ ಬಾಯಿಂದ ಮಾತು ಹೊರಡುವ ಮೊದಲು ಹತ್ತು ಸೆಕೆಂಡ್ ಸಿಗುತ್ತದೆ. ಹುಡುಗನನ್ನು ಬಯ್ಯುವ ಬದಲು ಹಿಟ್ಟು ಪಕ್ಕದ ಹೋಟೆಲಿನಿಂದ ತರಿಸಬಹುದಲ್ಲ ಎಂಬ ಯೋಚನೆ ಬರಲು ಆ ಹತ್ತು ಸೆಕೆಂಡ್ ಬೇಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಊಟದ ಪಾಲು ನಮ್ಮ ಕಸುಬೇ ಆಗಿದೆ. ಮಾತಿನ ಪಾಲಿಗೆ ಉಸಿರು ನೆರವಾಗುತ್ತದೆ.

ಯಾರು ಎಚ್ಚರ ವಹಿಸಬೇಕು?

ಟಿ.ವಿ.ಯಲ್ಲಿ ನೋಡಿ ಕಪಾಲಭಾತಿ, ಭಸ್ತ್ರಿಕಾ ಮುಂತಾದ ರಭಸದ ಉಸಿರಿನ ಅಭ್ಯಾಸಗಳನ್ನು ಆರಂಭಿಸುವವರು ನಮ್ಮಲ್ಲಿ ಬಹಳ. ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಮೂರ್ಛೆರೋಗ ಇರುವವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು, ಗರ್ಭಿಣಿಯರು ಇವನ್ನು ಮಾಡಬಾರದು. ಉಸಿರು ಕಟ್ಟುವ ಕುಂಭಕವೂ ಗುರುವಿಲ್ಲದೆ ಬೇಡ. ರಭಸದಿಂದ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಇಳಿದು ತಲೆ ಸುತ್ತು, ಬೆರಳುಗಳಲ್ಲಿ ಜೋಮು ಬರಬಹುದು. ಅದು ಪ್ರಾಣಶಕ್ತಿ ಏರಿದ ಲಕ್ಷಣವಲ್ಲ, ನಿಲ್ಲಿಸಬೇಕೆಂಬ ಸೂಚನೆ. ಮೇಲೆ ಹೇಳಿದ ನಿಧಾನದ ಕ್ರಮದಲ್ಲಿಯೂ ತಲೆ ಹಗುರವಾದಂತೆ ಎನಿಸಿದರೆ ಸಹಜ ಉಸಿರಿಗೆ ಮರಳಿ.

ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಪ್ರಾಣಾಯಾಮ ಶುರುಮಾಡಿದೆವೆಂದು ನಿಲ್ಲಿಸಲೇಬಾರದು. ಕಡಿಮೆ ಮಾಡುವುದಿದ್ದರೆ ವೈದ್ಯರೇ ನೋಡಿ ಹೇಳಲಿ.

ಇನ್ನೂ ಮುಖ್ಯವಾದದ್ದು. ಎದೆಯ ನಡುವೆ ಒತ್ತಿದಂತೆ ನೋವು, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು ಬಂದರೆ ಅದು ಪ್ರಾಣಾಯಾಮಕ್ಕೆ ಕೂರುವ ಸಮಯವಲ್ಲ. "ಗ್ಯಾಸ್ ಆಗಿರಬೇಕು" ಎಂದು ಸೋಡಾ ಕುಡಿದು, "ರಶ್ ಮುಗಿಯಲಿ" ಎಂದು ಗಲ್ಲಾದಲ್ಲಿಯೇ ಕೂರುವುದು ನಮ್ಮ ಕಸುಬಿನವರ ಮಾರಕ ಅಭ್ಯಾಸ. 2005ರಲ್ಲಿ ನಮ್ಮ ಹೈದರಾಬಾದಿನಲ್ಲಿಯೇ ಆರಂಭವಾದ 108 ಆಂಬುಲೆನ್ಸ್ ಸೇವೆಗೆ ಕೂಡಲೇ ಕರೆ ಮಾಡಿ. ಈ ಸಂಖ್ಯೆಯನ್ನು ಗಲ್ಲಾದ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿ. ಹುಡುಗರಿಗೂ ತಿಳಿಸಿ, ಏಕೆಂದರೆ ಆ ಹೊತ್ತಿನಲ್ಲಿ ಕರೆ ಮಾಡಬೇಕಾದವರು ಅವರೇ.

ಹಾಗೆಯೇ ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲಿಯೂ ಆಸಕ್ತಿಯಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಮರೆಮಾಚಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸೇವೆಯಿದೆ.

ಕೆಲಸಗಾರರಿಗೂ ಇರಲಿ

ಮಾಲೀಕರ ಒತ್ತಡ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅದರ ಕೊನೆಯ ತುದಿಯಲ್ಲಿ ಇರುವವನು ತಟ್ಟೆ ತೊಳೆಯುವ ಹುಡುಗ. ಒಂದು ಕಾಲಕ್ಕೆ ನಮ್ಮ ಹೋಟೆಲುಗಳಲ್ಲಿ ಊರಿನ ಹುಡುಗರೇ ಇರುತ್ತಿದ್ದರು. ಈಗ ಒಡಿಶಾ, ಬಿಹಾರ, ಬಂಗಾಳ, ನೇಪಾಳದಿಂದ ಬಂದವರೂ ಇದ್ದಾರೆ. ಬೇರೆ ಬೇರೆ ಭಾಷೆ, ಬೇರೆ ಬೇರೆ ಧರ್ಮ. ಉಸಿರಿಗೆ ಮಂತ್ರ ಬೇಕಿಲ್ಲ. "ನಾಲ್ಕು ಎಣಿಸಿ ಎಳೆದುಕೊಳ್ಳಿ, ಆರು ಎಣಿಸಿ ಬಿಡಿ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಟೆರೇಸ್ ಮೇಲೋ, ಖಾಲಿಯಾದ ಹಾಲ್‌ನಲ್ಲೋ ಹತ್ತು ನಿಮಿಷ ಇಟ್ಟುಕೊಳ್ಳಬಹುದು. ಬರುವವರು ಬರಲಿ, ಮಲಗಬೇಕೆನ್ನುವವರು ಮಲಗಲಿ. ಬಲವಂತದ ಪ್ರಾಣಾಯಾಮ ಇನ್ನೊಂದು ಡ್ಯೂಟಿ ಆಗಿಬಿಡುತ್ತದೆ.

ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ಹದಿನಾಲ್ಕು ಗಂಟೆ ದುಡಿಸಿ, ವಾರದ ರಜೆ ಕೊಡದೆ, ಹತ್ತು ನಿಮಿಷ ಉಸಿರಾಡಿಸಿದರೆ ಅದು ಆರೋಗ್ಯ ಕಾರ್ಯಕ್ರಮವಲ್ಲ. ಸರಿಯಾದ ರಜೆ, ಮಲಗಲು ಗಾಳಿಯಾಡುವ ಕೋಣೆ, ಹೊತ್ತಿಗೆ ಸಂಬಳ ಇವು ಮೊದಲು. ಮಾಲೀಕರಿಗೂ ಇದೇ ಮಾತು. ವಾರಕ್ಕೆ ಅರ್ಧ ದಿನ ಗಲ್ಲಾವನ್ನು ತಮ್ಮನಿಗೋ ಮ್ಯಾನೇಜರಿಗೋ ಬಿಟ್ಟುಕೊಡಲು ಆಗದಷ್ಟು ಎಲ್ಲವನ್ನೂ ಒಬ್ಬರೇ ಹೊತ್ತಿದ್ದರೆ, ಉಸಿರು ಎಷ್ಟು ಎಣಿಸಿದರೂ ಹೊರೆ ಇಳಿಯುವುದಿಲ್ಲ.

ಎಲ್ಲಿ ಕಲಿಯಬಹುದು?

ಓದಿ ಕಲಿಯುವುದಕ್ಕಿಂತ ಬಲ್ಲವರ ಎದುರು ಒಮ್ಮೆ ಕುಳಿತು ತಿದ್ದಿಸಿಕೊಳ್ಳುವುದು ಉತ್ತಮ. ಹೈದರಾಬಾದಿನ ಬೇಗಂಪೇಟೆ ಪರಿಸರದಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ಮತ್ತು ಗಾಂಧಿ ಪ್ರಕೃತಿ ಚಿಕಿತ್ಸಾ ವೈದ್ಯಕೀಯ ಕಾಲೇಜು ಇವೆ. ಯೋಗದಲ್ಲಿ ತರಬೇತಿ ಪಡೆದ ವೈದ್ಯರು ಅಲ್ಲಿ ಸಿಗುತ್ತಾರೆ. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು ಇಂಥ ಕಡೆಯೇ ಆರಂಭಿಸಲಿ. ರಜೆಯಲ್ಲಿ ಊರಿಗೆ ಹೋಗುವವರಿಗೆ ಧರ್ಮಸ್ಥಳದ ಶಾಂತಿವನ, ಉಡುಪಿ ಸಮೀಪದ ಪರೀಕದ ಸೌಖ್ಯವನ ಪರಿಚಿತ ಹೆಸರುಗಳು. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್.ಡಿ.ಎಂ. ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜಿನಲ್ಲಿ ಓದಿದ ವೈದ್ಯರು ಈಗ ಹಲವು ಊರುಗಳಲ್ಲಿದ್ದಾರೆ. ವಿಶ್ವಸಂಸ್ಥೆಯ ನಿರ್ಣಯದಂತೆ 2015ರಿಂದ ಪ್ರತಿ ವರ್ಷ ಜೂನ್ 21ರಂದು ಯೋಗದಿನ ನಡೆಯುತ್ತದೆ. ಅಂದು ನಗರದ ಪಾರ್ಕುಗಳಲ್ಲಿ ನಡೆಯುವ ಉಚಿತ ಶಿಬಿರಗಳಿಗೂ ಹೋಗಬಹುದು. ಆದರೆ ಜೂನ್ 22ರಂದು ಮುಂದುವರಿಸುವುದೇ ಮುಖ್ಯ.

ಆರಂಭಿಸುವವರಿಗೆ ಒಂದು ಸಲಹೆ. ಇಂದಿನಿಂದ ನಲವತ್ತು ದಿನ ಗಲ್ಲಾ ಪುಸ್ತಕದ ಅಂಚಿನಲ್ಲಿ, ವ್ಯಾಪಾರದ ಮೊತ್ತದ ಪಕ್ಕದಲ್ಲಿಯೇ ಮೂರು ಗುರುತು ಹಾಕಿ: ಇವತ್ತು ಹತ್ತು ನಿಮಿಷ ಕೂತೆವೇ? ರಾತ್ರಿ ನಿದ್ದೆ ಬಂತೇ? ಯಾರ ಮೇಲಾದರೂ ಕೂಗಾಡಿದೆವೇ? ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ವಾರಕ್ಕೊಮ್ಮೆ ಅದನ್ನೂ ಬರೆದಿಡಿ. ಲೆಕ್ಕ ನೋಡಿ ನಂಬುವವರು ನಾವು. ನಲವತ್ತು ದಿನದ ನಂತರ ಆ ಪುಟಗಳನ್ನು ತಿರುವಿ ನೋಡಿದರೆ ಮುಂದುವರಿಸಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.